ಕುದುರೆಯ ನೋವಿಗೆ ಬಾಯಿ ಕಟ್ಟುವ ಮದ್ದು

ಕುದುರೆಯ ಮುಂಗಾಲನ್ನು ಮೊಣಕಾಲಿನಿಂದ ಕೆಳಗೆ ಒಮ್ಮೆ ಸವರಿ ನೋಡಬೇಕು. ಕೈಗೆ ಮಾಂಸವೇ ಸಿಗುವುದಿಲ್ಲ. ಚರ್ಮದಡಿ ಎಲುಬು, ಅದರ ಬೆನ್ನಿಗೆ ಹುರಿಹಗ್ಗದಂಥ ಗಟ್ಟಿ ಸ್ನಾಯುರಜ್ಜು, ಕೊನೆಗೆ ಗೊರಸು. ಹುಬ್ಬಳ್ಳಿ-ಧಾರವಾಡದಲ್ಲಿ ಟಾಂಗಾ ಓಡಿಸಿದ ಹಿರಿಯರಿಗೆ ಇದು ಗೊತ್ತು: ಅಲ್ಲಿ ಕೈಗೆ ಬಿಸಿ ತಾಗಿದರೆ, ಬಾವು ಕಂಡರೆ, ಅಂದು ಗಾಡಿ ಹೂಡಬಾರದು.

ರೇಸಿನ ಕುದುರೆಯ ತೂಕ ಸುಮಾರು 450ರಿಂದ 500 ಕಿಲೋ. ಗಂಟೆಗೆ 60 ಕಿ.ಮೀ. ದಾಟಿದ ನಾಗಾಲೋಟದಲ್ಲಿ ಒಂದೇ ಮುಂಗಾಲು, ಅರೆಗಳಿಗೆಯ ಮಟ್ಟಿಗೆ, ಮೈತೂಕದ ಎರಡೂವರೆ ಪಟ್ಟಿನಷ್ಟು ಭಾರ ಹೊರುತ್ತದೆ. ರಜ್ಜು ರಬ್ಬರಿನಂತೆ ಹಿಗ್ಗಿ, ಮರಳಿ ಪುಟಿದು, ಕುದುರೆಯನ್ನು ಮುಂದಕ್ಕೆ ಚಿಮ್ಮಿಸುತ್ತದೆ. ಆ ತಿಕ್ಕಾಟಕ್ಕೆ ರಜ್ಜುವಿನ ಒಳಭಾಗ 45 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನೋವು ಕುದುರೆಯನ್ನು ತಡೆಯುತ್ತದೆ. ಕುದುರೆ ಆ ಕಾಲಿಗೆ ಭಾರ ಬಿಡುವುದಿಲ್ಲ. ಆ ನೋವನ್ನೇ ಅಡಗಿಸಿ ಓಡಿಸಿದರೆ, ಬಿರುಕು ಮುರಿತವಾಗುವುದು ಓಟದ ನಟ್ಟನಡುವೆ. ಬೆನ್ನ ಮೇಲೆ ಜಾಕಿಯೂ ಇರುತ್ತಾನೆ.

2017ರ ಮಾರ್ಚ್‌ನಲ್ಲಿ ಬೆಂಗಳೂರು ರೇಸ್ ಕೋರ್ಸಿನಲ್ಲಿ ಗೆದ್ದ ‘ಕ್ವೀನ್ ಲತೀಫಾ’ ಎಂಬ ಕುದುರೆಯ ಮೂತ್ರದಲ್ಲಿ, ಹೀಗೆ ನೋವು ಅಡಗಿಸುವ ಪ್ರೊಕೇನ್ ಪತ್ತೆಯಾಯಿತು. ವಿಷಯ ಪೊಲೀಸ್ ತನಿಖೆಯವರೆಗೂ ಹೋಯಿತು.

ಪ್ರೊಕೇನ್ ಅಪರೂಪದ ವಿಷವೇನಲ್ಲ. ಅದು ಮರಗಟ್ಟಿಸುವ ಮದ್ದು; ಹಿಂದೆ ಹಲ್ಲು ಕೀಳುವಾಗ ವಸಡಿಗೆ ಚುಚ್ಚುತ್ತಿದ್ದದ್ದು ಇದನ್ನೇ. ದನದ ದವಾಖಾನೆಯಲ್ಲಿ ಎಮ್ಮೆಗೂ ಎತ್ತಿಗೂ ಕೊಡುವ ಪ್ರೊಕೇನ್ ಪೆನ್ಸಿಲಿನ್ ಇಂಜೆಕ್ಷನ್ನಿನಲ್ಲೂ ಇದೇ ಇದೆ. ಪೆನ್ಸಿಲಿನ್ ನಿಧಾನವಾಗಿ ರಕ್ತಕ್ಕಿಳಿಯಲಿ, ಚುಚ್ಚಿದ ಜಾಗ ಹೆಚ್ಚು ನೋಯದಿರಲಿ ಎಂದು ಎರಡನ್ನೂ ಕೂಡಿಸುತ್ತಾರೆ. ಗಾಯ ಮಾಯಲೆಂದು ಕೊಟ್ಟ ಆ ಇಂಜೆಕ್ಷನ್ನಿನ ಪ್ರೊಕೇನ್ ವಾರಗಟ್ಟಲೆ ಕಳೆದ ಮೇಲೂ ಮೂತ್ರದಲ್ಲಿ ಕಾಣಿಸಬಹುದು. ಹಾಗಾಗಿ ಲ್ಯಾಬಿನ ವರದಿಯೊಂದನ್ನೇ ನೋಡಿ ಮದ್ದು ಕೊಟ್ಟವರ ಉದ್ದೇಶ ಹೇಳಲಾಗದು. ಚಿಕಿತ್ಸೆಯ ದಿನ, ಪ್ರಮಾಣ, ಕಾರಣ ಎಲ್ಲವನ್ನೂ ಲಾಯದ ಪುಸ್ತಕದಲ್ಲಿ ಬರೆದಿಡಬೇಕೆಂಬ ಹಟಕ್ಕೆ ಬೆಲೆ ಬರುವುದು ಇಲ್ಲಿ.

ಅಮೆರಿಕದ ಕೆಂಟಕಿ ಡರ್ಬಿಯಲ್ಲಿ 1968ರಲ್ಲಿ ಮೊದಲು ಗುರಿ ಮುಟ್ಟಿದ ‘ಡ್ಯಾನ್ಸರ್ಸ್ ಇಮೇಜ್’ ಪಟ್ಟ ಕಳೆದುಕೊಂಡದ್ದು ಫಿನೈಲ್‌ಬ್ಯುಟಜೋನ್ ಎಂಬ ನೋವುನಿವಾರಕದಿಂದ. ಅದೇ ದೇಶದಲ್ಲಿ ಓಟಕ್ಕೆ ಮುಂಚೆ ಲ್ಯಾಸಿಕ್ಸ್ ಕೊಡುವುದು ದಶಕಗಳ ರೂಢಿ. ನಮ್ಮ ಮನೆಗಳಲ್ಲಿ ಹೃದಯದ ತೊಂದರೆಯವರು ನುಂಗುವ ಅದೇ ಮದ್ದು! ಜೋರಾಗಿ ಓಡುವಾಗ ಕುದುರೆಯ ಶ್ವಾಸಕೋಶದ ಸಣ್ಣ ರಕ್ತನಾಳಗಳು ಒಡೆಯುತ್ತವೆ. ಲ್ಯಾಸಿಕ್ಸ್ ಅದನ್ನು ತಗ್ಗಿಸುತ್ತದೆ, ಜೊತೆಗೆ ಮೈಯ ನೀರನ್ನೂ ಹೊರಹಾಕಿ ಕುದುರೆಯನ್ನು ಹಗುರ ಮಾಡುತ್ತದೆ. ಮದ್ದಿಲ್ಲದೆ ಓಡಲಾಗದ ಪ್ರಾಣಿಯನ್ನು ಓಡಿಸುವುದೇ ತಪ್ಪು ಎನ್ನುವವರ ಮಾತಿನಲ್ಲಿ ಹುರುಳಿದೆ.

ಬೆಳಗಾವಿ, ಬಾಗಲಕೋಟೆ ಕಡೆಯ ಜಾತ್ರೆಗಳಲ್ಲಿ ಕುದುರೆಗಾಡಿ ಶರ್ಯತ್ತು ನಡೆಯುತ್ತದೆ. ಅಲ್ಲಿ ಮೂತ್ರದ ಬಾಟಲಿ ಹಿಡಿದು ನಿಲ್ಲುವವರಿಲ್ಲದಿದ್ದರೂ ಪಶುವೈದ್ಯರ ಹಳೆಯ ಪರೀಕ್ಷೆಯೊಂದಕ್ಕೆ ಲ್ಯಾಬೇ ಬೇಡ. ಕುದುರೆಯನ್ನು ಗಾಡಿಯಿಂದ ಬಿಚ್ಚಿ, ಹಗ್ಗ ಸಡಿಲ ಹಿಡಿದು, ಗಟ್ಟಿ ನೆಲದ ಮೇಲೆ ದುಡುಕಿ ಓಟ ಓಡಿಸಬೇಕು. ಮುಂಗಾಲು ನೋಯುತ್ತಿದ್ದರೆ, ಆ ಕಾಲು ನೆಲ ಮುಟ್ಟಿದಾಗಲೆಲ್ಲ ಕುದುರೆ ತಲೆ ಮೇಲಕ್ಕೆತ್ತುತ್ತದೆ. ಮರಗಟ್ಟಿಸುವ ಸೂಜಿ ಬಿದ್ದ ಕುದುರೆಯ ತಲೆ ಮಾತ್ರ ಅಲುಗದೆ ನೆಟ್ಟಗಿರುತ್ತದೆ.