ಮೇ ಹದಿನಾಲ್ಕರ ಲೆಕ್ಕ: ಫಿಜಿಯ ನಮ್ಮವರಿಗೆ ಸರ್ಕಾರ ಬದಲಾದಾಗ ಏಕೆ ದಿಗಿಲು?

ಸರ್ಕಾರ ಬದಲಾಯಿತು ಅಂದರೆ ನಮ್ಮ ಪೇಟೆಯಲ್ಲಿ ಏನಾಗುತ್ತೆ? ಎರಡು ದಿನ ಪಟಾಕಿ, ನಾಲ್ಕು ದಿನ ಹಾರ ತುರಾಯಿ, ಆಮೇಲೆ ಸಾಹೇಬರುಗಳ ವರ್ಗಾವಣೆ. ಹದಿನೈದು ದಿನ ಕಳೆದರೆ ಅಂಗಡಿಯವನಿಗೆ ಅದೇ ತಕ್ಕಡಿ, ಬಸ್ಸಿನವನಿಗೆ ಅದೇ ನೂಕುನುಗ್ಗಲು. ಸೋತ ಪಾರ್ಟಿಗೆ ವೋಟು ಹಾಕಿದವನೂ ರಾತ್ರಿ ಬಾಗಿಲು ಹಾಕಿಕೊಂಡು ಸುಖವಾಗಿ ನಿದ್ದೆ ಮಾಡುತ್ತಾನೆ.

ಹೀಗೆ ನಿದ್ದೆ ಮಾಡಲಾಗದ ಭಾರತ ಮೂಲದ ಜನ ಶಾಂತಸಾಗರದ ನಡುವೆ ಇದ್ದಾರೆ. ದೇಶದ ಹೆಸರು ಫಿಜಿ. ಅಲ್ಲಿ ಸರ್ಕಾರ ಬದಲಾದಾಗಲೆಲ್ಲ ಅವರು ಕೇಳುವುದು ಯಾರು ಮಂತ್ರಿ ಆದರು ಅಂತ ಅಲ್ಲ. ‘ಇನ್ನು ನಮ್ಮ ಗತಿ ಏನು?’ ಅಂತ. ಈ ದಿಗಿಲು ಸುಮ್ಮನೆ ಹುಟ್ಟಿದ್ದಲ್ಲ. ಅದಕ್ಕೆ ತಾರೀಖು ಉಂಟು, ಲೆಕ್ಕ ಉಂಟು.

ಹಡಗು ಬಂದ ದಿನ

1874ರಲ್ಲಿ ಫಿಜಿ ದ್ವೀಪಗಳು ಬ್ರಿಟಿಷರ ಕೈಗೆ ಬಂದವು. ಮರುವರ್ಷವೇ ದಡಾರ ರೋಗ ನುಗ್ಗಿ ಅಲ್ಲಿನ ಮೂಲನಿವಾಸಿಗಳಲ್ಲಿ ಸುಮಾರು 40 ಸಾವಿರ ಜನ ಸತ್ತರು. ಗವರ್ನರ್ ಆರ್ಥರ್ ಗಾರ್ಡನ್ ಎರಡು ತೀರ್ಮಾನ ಮಾಡಿದ. ಒಂದು, ಮೂಲನಿವಾಸಿಗಳ ಭೂಮಿ ಮಾರುವಂತಿಲ್ಲ. ಎರಡು, ಅವರನ್ನು ತೋಟದ ಕೂಲಿಗೆ ಎಳೆಯುವಂತಿಲ್ಲ. ಒಳ್ಳೆಯ ಮಾತೇ. ಆದರೆ ಕಬ್ಬು ಕಡಿಯುವವರು ಯಾರು? ದೊರೆಗಳ ಕಣ್ಣು ಹಿಂದೂಸ್ಥಾನದ ಬಡವರ ಮೇಲೆ ಬಿತ್ತು.

1879ರ ಮೇ 14ರಂದು ‘ಲಿಯೋನಿಡಾಸ್’ ಎಂಬ ಹಡಗು ಮೊದಲ ತಂಡವನ್ನು ಹೊತ್ತು ಫಿಜಿ ತಲುಪಿತು. 1916ರವರೆಗೆ ಹೀಗೆ ಹೋದವರು 60 ಸಾವಿರಕ್ಕೂ ಹೆಚ್ಚು. ಮೊದಮೊದಲು ಎಲ್ಲರೂ ಕಲ್ಕತ್ತೆಯಿಂದ, 1903ರಿಂದ ಮದರಾಸಿನಿಂದಲೂ. ಐದು ವರ್ಷದ ಕರಾರು. ‘ಅಗ್ರಿಮೆಂಟ್’ ಎಂಬ ಮಾತು ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು, ಅವರು ‘ಗಿರ್ಮಿಟಿಯಾ’ ಆದರು. ಗಂಡಾಳಿಗೆ ದಿನದ ಕೆಲಸಕ್ಕೆ ಒಂದು ಷಿಲಿಂಗ್, ಹೆಣ್ಣಾಳಿಗೆ ಒಂಬತ್ತು ಪೆನ್ಸ್. ಹೇಳಿದಷ್ಟು ಕೆಲಸ ಮುಗಿಯದಿದ್ದರೆ ಅದೂ ಇಲ್ಲ. 1920ರ ಜನವರಿ 1ಕ್ಕೆ ಈ ಕರಾರು ಪದ್ಧತಿ ರದ್ದಾಯಿತು. ಹೆಚ್ಚಿನವರು ವಾಪಸು ಬರಲಿಲ್ಲ. ಅಲ್ಲೇ ಬೇರು ಬಿಟ್ಟರು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಈ ಜನರನ್ನು ಕರೆತರುವಾಗ ಅಲ್ಲಿನ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ. ಮನೆಯ ಯಜಮಾನನನ್ನು ಕೇಳದೆ ಮೂರನೆಯವನು ಬಾಡಿಗೆದಾರನನ್ನು ಕೂರಿಸಿದ ಹಾಗೆ. ಇಬ್ಬರದೂ ತಪ್ಪಿಲ್ಲ. ಕೂರಿಸಿದವನು ಬಾಡಿಗೆ ಎಣಿಸಿಕೊಂಡು ಹೊರಟುಹೋದ, ಜಗಳ ಮಾತ್ರ ಉಳಿಯಿತು.

ಅದೇ ತಾರೀಖು, ಬೇರೆ ಸಿಡಿಲು

1970ರಲ್ಲಿ ಫಿಜಿ ಸ್ವತಂತ್ರವಾಯಿತು. 1986ರ ಜನಗಣತಿಯಲ್ಲಿ ಭಾರತ ಮೂಲದವರು ಶೇಕಡಾ 48.7, ಮೂಲನಿವಾಸಿಗಳು ಶೇಕಡಾ 46. ಮರುವರ್ಷ ಏಪ್ರಿಲ್‌ನಲ್ಲಿ ಚುನಾವಣೆ. ನ್ಯಾಷನಲ್ ಫೆಡರೇಷನ್ ಪಕ್ಷ ಮತ್ತು ಲೇಬರ್ ಪಕ್ಷದ ಕೂಟ 52ರಲ್ಲಿ 28 ಸ್ಥಾನ ಗೆದ್ದಿತು. ಪ್ರಧಾನಿಯಾದ ತಿಮೋದಿ ಬವಾದ್ರಾ ಮೂಲನಿವಾಸಿಯೇ. ಆದರೆ ಅವರ ಬೆನ್ನಿಗಿದ್ದ ವೋಟು ಹೆಚ್ಚಾಗಿ ಭಾರತೀಯರದು. ಅಷ್ಟು ಸಾಕಾಯಿತು.

1987ರ ಮೇ 14. ಮೊದಲ ಹಡಗು ಬಂದು ಸರಿಯಾಗಿ 108 ವರ್ಷ. ಲೆಫ್ಟಿನೆಂಟ್ ಕರ್ನಲ್ ಸಿತಿವೇನಿ ರಬೂಕಾ ಮುಸುಕು ಹಾಕಿದ ಸಿಪಾಯಿಗಳೊಂದಿಗೆ ಪಾರ್ಲಿಮೆಂಟಿಗೆ ನುಗ್ಗಿ ಸರ್ಕಾರವನ್ನೇ ಹಿಡಿದು ಹೊರಗೆ ಹಾಕಿದ. ಸೆಪ್ಟೆಂಬರ್‌ನಲ್ಲಿ ಮತ್ತೊಂದು ಕ್ಷಿಪ್ರಕ್ರಾಂತಿ. ಆಮೇಲೆ ಭಾನುವಾರದ ಆಜ್ಞೆ ಬಂತು: ಭಾನುವಾರ ಅಂಗಡಿ ತೆರೆಯುವ ಹಾಗಿಲ್ಲ, ಬಸ್ಸು ಓಡಿಸುವ ಹಾಗಿಲ್ಲ. ಹಿಂದೂ ಆಗಲಿ ಮುಸಲ್ಮಾನ ಆಗಲಿ, ಕ್ರೈಸ್ತರ ಪ್ರಾರ್ಥನೆಯ ದಿನ ಎಲ್ಲರೂ ಮನೆಯಲ್ಲಿ ಕೂರಬೇಕು. ಬರಬರುತ್ತಾ ಅದು ಸಡಿಲವಾಯಿತು ಅನ್ನಿ. ಆದರೆ ಪೇಟೆಯವರಿಗೆ ಪಾಠ ಆಗಿತ್ತು: ಗದ್ದುಗೆ ಮೇಲಿನವನು ಮನಸ್ಸು ಮಾಡಿದರೆ ಗಲ್ಲಾ ಪೆಟ್ಟಿಗೆಗೂ ಬೀಗ ಹಾಕಬಲ್ಲ.

1990ರ ಸಂವಿಧಾನ ಇನ್ನೂ ಒಂದು ಮೊಳೆ ಹೊಡೆಯಿತು. 70 ಸ್ಥಾನಗಳಲ್ಲಿ ಮೂಲನಿವಾಸಿಗಳಿಗೆ 37, ಭಾರತ ಮೂಲದವರಿಗೆ 27. ಪ್ರಧಾನಿ ಮೂಲನಿವಾಸಿಯೇ ಆಗಬೇಕು. ಓದಿದವರು, ಕಸುಬು ಬಲ್ಲವರು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ ಅಂತ ಗಂಟು ಕಟ್ಟಿದರು.

ಒಂದು ವರ್ಷದ ಪ್ರಧಾನಿ

ವಿಚಿತ್ರ ನೋಡಿ. ಅದೇ ರಬೂಕಾ ಪ್ರಧಾನಿಯಾದ ಮೇಲೆ ಭಾರತೀಯರ ಮುಖಂಡ ಜೈರಾಮ್ ರೆಡ್ಡಿ ಜೊತೆ ಕೂತು 1997ರಲ್ಲಿ ಮೆತ್ತಗಿನ ಸಂವಿಧಾನ ತಂದರು. ಪ್ರಧಾನಿ ಪಟ್ಟ ಯಾರಿಗಾದರೂ ಸಿಗಬಹುದು ಅಂತಾಯಿತು. 1999ರ ಚುನಾವಣೆಯಲ್ಲಿ ಇಬ್ಬರೂ ಕೈ ಹಿಡಿದು ನಿಂತರು. ರೆಡ್ಡಿಯವರ ಪಕ್ಷಕ್ಕೆ ಸಿಕ್ಕಿದ್ದು ಸೊನ್ನೆ. ರಬೂಕಾ ಕುರ್ಚಿ ಬಿಟ್ಟರು. ಲೇಬರ್ ಪಕ್ಷದ ಮಹೇಂದ್ರ ಚೌಧರಿ ಪ್ರಧಾನಿಯಾದರು. ಆ ಪಟ್ಟ ಏರಿದ ಮೊದಲ ಭಾರತ ಮೂಲದವರು ಅವರು.

ಪೂರ್ತಿ ಒಂದು ವರ್ಷ ಮುಗಿದದ್ದೇ ತಡ, 2000ದ ಮೇ 19ರಂದು ಜಾರ್ಜ್ ಸ್ಪೈಟ್ ಎಂಬಾತ ಬಂದೂಕಿನವರನ್ನು ಕರೆದುಕೊಂಡು ಪಾರ್ಲಿಮೆಂಟಿಗೆ ನುಗ್ಗಿದ. ಚೌಧರಿ ಮತ್ತು ಸಂಗಡಿಗರು 56 ದಿನ ಒತ್ತೆಯಾಳು. ಆ ದಿನ ರಾಜಧಾನಿ ಸುವಾದ ಪೇಟೆಯಲ್ಲಿ ಅಂಗಡಿಗಳ ಗಾಜು ಒಡೆದು ಸಾಮಾನು ಹೊತ್ತೊಯ್ದರು, ಬೆಂಕಿ ಇಟ್ಟರು. ಮುಆನಿವೇನಿಯ ರೈತ ಕುಟುಂಬಗಳು ಮನೆ, ದನ, ಬೆಳೆ ಬಿಟ್ಟು ಓಡಿ ಲೌಟೋಕಾದ ಗಿರ್ಮಿಟ್ ಸೆಂಟರಿನಲ್ಲಿ ನಿರಾಶ್ರಿತರಾಗಿ ಕೂತವು. ಮುತ್ತಜ್ಜ ಕೂಲಿಯಾಗಿ ಬಂದ ನೆನಪಿಗೆ ಕಟ್ಟಿದ ಕಟ್ಟಡದಲ್ಲಿ ಮರಿಮಗ ಚಾಪೆ ಹಾಸಬೇಕಾಯಿತು!

ಗುತ್ತಿಗೆ ಎಂಬ ತೂಗುಕತ್ತಿ

ಬಂದೂಕು ಎಂದೋ ಒಮ್ಮೆ ಬರುತ್ತೆ. ದಿನಾ ಕಾಡುವುದು ಭೂಮಿ. ಫಿಜಿಯ ನೆಲದಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಮೂಲನಿವಾಸಿ ಕುಲಗಳದು. ಅದನ್ನು ಕೊಳ್ಳುವಂತಿಲ್ಲ. ಗುತ್ತಿಗೆ ಪಡೆಯಬಹುದು, ಅಷ್ಟೇ. 1976ರ ಕಾಯಿದೆ 30 ವರ್ಷದ ಗುತ್ತಿಗೆ ಕೊಟ್ಟಿತು. 1997ರಿಂದ ಒಂದೊಂದಾಗಿ ಗುತ್ತಿಗೆಗಳ ಅವಧಿ ಮುಗಿಯತೊಡಗಿತು. ಹಲವರಿಗೆ ನವೀಕರಣ ಸಿಗಲಿಲ್ಲ.

ಬಾಡಿಗೆ ಮಳಿಗೆಯಲ್ಲಿ ಕೂತ ನಮ್ಮ ವರ್ತಕ ಮಿತ್ರರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಗಿರಾಕಿ ಕೂಡಿಸಿದವನು ನೀನು, ಶೋಕೇಸು ಮಾಡಿಸಿದವನು ನೀನು, ಕರಾರು ಮುಗಿದ ದಿನ ಬೀಗದ ಕೈ ಮಾಲೀಕನದು. ಅಲ್ಲಿ ಮಳಿಗೆ ಅಲ್ಲ ಸ್ವಾಮಿ, ಮೂರು ತಲೆಮಾರು ಬೆವರು ಸುರಿಸಿದ ಕಬ್ಬಿನ ಗದ್ದೆ, ಅದರ ಮೇಲೆ ಕಟ್ಟಿದ ಮನೆ. ಹಾಗಂತ ಮಾಲೀಕನ ಮಾತೂ ಕೇಳಬೇಕು. ‘ನೆಲ ನಮ್ಮದು, ಗೇಣಿ ಕವಡೆ ಕಾಸು, ನಮ್ಮ ಮಕ್ಕಳಿಗೆ ಏನು ಉಳೀತು?’ ಅಂತ ಅವರ ದೂರು. ಈ ಹಗ್ಗಜಗ್ಗಾಟದಲ್ಲಿ ಸೊರಗಿದ್ದು ಕಬ್ಬು. ನಾಲ್ಕು ಸಕ್ಕರೆ ಕಾರ್ಖಾನೆಗಳಲ್ಲಿ ಪೆನಾಂಗ್ ಕಾರ್ಖಾನೆ 2016ರ ವಿನ್‌ಸ್ಟನ್ ಚಂಡಮಾರುತದ ಏಟಿಗೆ ಬಾಗಿಲು ಹಾಕಿತು.

ಜನ ಊರು ಬಿಟ್ಟರು. 2007ರ ಜನಗಣತಿ ಹೊತ್ತಿಗೆ ಭಾರತ ಮೂಲದವರು 3,13,798, ಅಂದರೆ ಶೇಕಡಾ 37.5ಕ್ಕೆ ಇಳಿದಿದ್ದರು. 1986ರಲ್ಲಿ 3,48,704 ಇದ್ದರು. ದೇಶದ ಒಟ್ಟು ಜನಸಂಖ್ಯೆ ಏರಿದೆ, ಇವರದು ಮಾತ್ರ ಇಳಿದಿದೆ.

ಹದಿನಾರು ವರ್ಷ ಒಂದೇ ಕೈ

2006ರ ಡಿಸೆಂಬರ್ 5ರಂದು ಸೇನಾಪತಿ ಫ್ರಾಂಕ್ ಬೈನಿಮರಾಮ ಮತ್ತೊಂದು ಕ್ಷಿಪ್ರಕ್ರಾಂತಿ ಮಾಡಿದರು. ಈ ಸಲದ ಮಾತು ಬೇರೆ: ಜಾತಿ ಲೆಕ್ಕ ಬೇಡ, ಎಲ್ಲರೂ ಸಮಾನ. 2013ರ ಸಂವಿಧಾನದಲ್ಲಿ ಜನಾಂಗವಾರು ಸ್ಥಾನಗಳು ಹೋದವು. ದೇಶದ ಎಲ್ಲರಿಗೂ ‘ಫಿಜಿಯನ್’ ಎಂಬ ಒಂದೇ ಹೆಸರು, ಮೂಲನಿವಾಸಿಗಳಿಗೆ ‘ಇತೌಕೇ’ ಎಂಬ ಹೆಸರು. ಮುಖಂಡರ ಮಹಾಸಭೆಯನ್ನು 2012ರಲ್ಲೇ ಕಿತ್ತುಹಾಕಿದ್ದರು. ಬಹಳಷ್ಟು ಭಾರತೀಯರು ಬೈನಿಮರಾಮರ ಫಿಜಿಫಸ್ಟ್ ಪಕ್ಷಕ್ಕೆ ವೋಟು ಒತ್ತಿದರು. ಬಂದೂಕಿನಿಂದ ಬಂದವನೇ ಆದರೂ ನಮ್ಮನ್ನು ಕಾಯುತ್ತಾನಲ್ಲ ಅಂತ.

ಆದರೆ ಆ ಕಾವಲಿಗೂ ಬೆಲೆ ಇತ್ತು. ಗಿರ್ಮಿಟಿಯಾಗಳ ಕಥೆಯನ್ನು ಜಗತ್ತಿಗೆ ಹೇಳಿದ ಇತಿಹಾಸಕಾರ ಬ್ರಿಜ್ ಲಾಲ್ ಅವರನ್ನು 2009ರಲ್ಲಿ ದೇಶದಿಂದ ಹೊರಗೆ ಹಾಕಿದ್ದು ಇದೇ ಸರ್ಕಾರ. ಆತ ಅದೇ ಗಿರ್ಮಿಟಿಯಾ ಕುಲದ, ತಾಬಿಯಾ ಹಳ್ಳಿಯ ಮಗ. 2021ರಲ್ಲಿ ಬ್ರಿಸ್ಬೇನ್‌ನಲ್ಲಿ ಕಣ್ಣು ಮುಚ್ಚಿದರು. ಸರ್ಕಾರ ಬದಲಾದ ಮೇಲೆ, 2023ರಲ್ಲಿ, ಅವರ ಚಿತಾಭಸ್ಮ ಹುಟ್ಟೂರು ಮುಟ್ಟಿತು.

ಹಳೆಯ ಕರ್ನಲ್ ಮರಳಿ ಬಂದ

2022ರ ಡಿಸೆಂಬರ್ ಚುನಾವಣೆಯಲ್ಲಿ 55ರಲ್ಲಿ ಫಿಜಿಫಸ್ಟ್‌ಗೆ 26, ರಬೂಕಾರ ಪೀಪಲ್ಸ್ ಅಲಯನ್ಸ್‌ಗೆ 21, ನ್ಯಾಷನಲ್ ಫೆಡರೇಷನ್‌ಗೆ 5, ಸೊಡೆಲ್ಪಾಗೆ 3. ಮೂವರ ಕೈಯಲ್ಲಿ ದೇಶದ ಜುಟ್ಟು. ಡಿಸೆಂಬರ್ 24ರಂದು 28-27ರಲ್ಲಿ, ಒಂದೇ ಒಂದು ವೋಟಿನಲ್ಲಿ ರಬೂಕಾ ಪ್ರಧಾನಿ! 1987ರಲ್ಲಿ ಬಾಗಿಲು ಒಡೆದು ಬಂದವರು ಈ ಸಲ ವೋಟು ಎಣಿಸಿಕೊಂಡು ಬಂದರು.

ಭಾರತೀಯರಿಗೆ ಎದೆ ಧಸಕ್ಕೆನ್ನದೆ ಇರುತ್ತದೆಯೇ? ಆದರೆ ಅವರ ಪಕ್ಕದಲ್ಲೇ ಉಪಪ್ರಧಾನಿ ಮತ್ತು ಅರ್ಥಮಂತ್ರಿಯಾಗಿ ಅರ್ಥಶಾಸ್ತ್ರದ ಪ್ರೊಫೆಸರ್ ಬಿಮನ್ ಪ್ರಸಾದ್ ಕೂತರು. ಸಕ್ಕರೆ ಖಾತೆ ಚರಣ್ ಜೀತ್ ಸಿಂಗ್ ಅವರಿಗೆ. ಗಿರ್ಮಿಟ್ ದಿನಕ್ಕೆ ರಾಷ್ಟ್ರೀಯ ರಜೆ ಬಂತು. 2023ರ ಮೇ 14ರಂದು, ಅದೇ ತಾರೀಖು, ರಬೂಕಾ ತಲೆ ತಗ್ಗಿಸಿ 1987ರ ಕೆಲಸಕ್ಕೆ ಕ್ಷಮೆ ಕೇಳಿದರು. ಮೆಥಡಿಸ್ಟ್ ಚರ್ಚೂ ಕ್ಷಮೆ ಕೇಳಿತು. 2024ರ ಡಿಸೆಂಬರ್‌ನಲ್ಲಿ ಸತ್ಯ ಮತ್ತು ಸಂಧಾನ ಆಯೋಗಕ್ಕೆ ಕಾಯಿದೆಯೂ ಆಯಿತು. ಮಾಡಿದ ತಪ್ಪಿಗೆ ಬಹಿರಂಗವಾಗಿ ಕೈ ಮುಗಿಯುವ ರಾಜಕಾರಣಿ ಎಷ್ಟು ಊರಿನಲ್ಲಿದ್ದಾರೆ ಹೇಳಿ? ಮೆಚ್ಚಬೇಕಾದ್ದೇ.

ಹಾಗಾದರೆ ಇನ್ನೇನು ಚಿಂತೆ?

ಚಿಂತೆ ಇದೆ. ಕ್ಷಮೆ ಬಾಯಿಮಾತು, ಸಂವಿಧಾನ ಕಾಗದ. ಅಲ್ಪಸಂಖ್ಯಾತನಿಗೆ ಕಾಗದವೇ ಗಟ್ಟಿ. 2013ರ ಸಂವಿಧಾನ ತಿದ್ದಬೇಕಾದರೆ ಸಂಸತ್ತಿನ ಮುಕ್ಕಾಲು ಪಾಲು, ಜೊತೆಗೆ ನೋಂದಾಯಿತ ಮತದಾರರ ಮುಕ್ಕಾಲು ಪಾಲು ಒಪ್ಪಬೇಕಿತ್ತು. ಹೆಚ್ಚುಕಡಿಮೆ ಆಗದ ಮಾತು. ಇದನ್ನು ಸಡಿಲಿಸುವ ಮಸೂದೆ 2025ರ ಮಾರ್ಚ್‌ನಲ್ಲಿ ಬಿದ್ದುಹೋಯಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಅಭಿಪ್ರಾಯ ಕೊಟ್ಟಿತು: ಸಂಸತ್ತಿನ ಮೂರನೇ ಎರಡು ಪಾಲು, ಜನಮತದಲ್ಲಿ ವೋಟು ಹಾಕಿದವರ ಬಹುಮತ, ಇಷ್ಟು ಸಾಕು. ಬೀಗ ಹಾಗೇ ಇದೆ, ಕೀಲಿ ಹಗುರಾಯಿತು.

ಕೀಲಿ ಹಗುರಾಗುವುದರಲ್ಲಿ ತಪ್ಪಿಲ್ಲ. ಬಂದೂಕಿನ ನೆರಳಲ್ಲಿ ಬಂದ ಸಂವಿಧಾನವನ್ನು ಜನ ತಿದ್ದಬಾರದೇ? ತಿದ್ದಲಿ. ಆದರೆ ಯಾವುದನ್ನು? ‘ಫಿಜಿಯನ್’ ಹೆಸರು ನಮಗೆ ಮಾತ್ರ ಸೇರಿದ್ದು, ವಾಪಸು ಕೊಡಿ ಅನ್ನುವ ಮೂಲನಿವಾಸಿ ಮುಖಂಡರಿದ್ದಾರೆ. ಮುಖಂಡರ ಮಹಾಸಭೆ 2023ರಲ್ಲಿ ಮತ್ತೆ ಬಂದಿದೆ. ಅದು ಅವರ ಗೌರವದ ಸಂಗತಿ, ಇರಲಿ. ಹೆಸರು ಹೋದರೆ ಹೊಟ್ಟೆಗೇನು ನಷ್ಟ ಅನ್ನಬೇಡಿ. ಐದು ತಲೆಮಾರು ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದವನನ್ನು ‘ಇಂಡಿಯನ್’ ಅಂತ ಕರೆದರೆ, ‘ನಿನ್ನ ಊರು ಬೇರೆ’ ಅಂದ ಹಾಗೆಯೇ. ಇಲ್ಲಿಗೆ ಬಂದರೆ ನಾವು ಅವನನ್ನು ಫಾರಿನ್ನಿನವನು ಅಂತೀವಿ. ಅವನ ಊರು ಯಾವುದು ಹೇಳಿ?

ವೋಟಿನ ಲೆಕ್ಕವೂ ಕೆಟ್ಟಿದೆ. ಹಲವರು ನಂಬಿದ್ದ ಫಿಜಿಫಸ್ಟ್ ಪಕ್ಷದ ನೋಂದಣಿ 2024ರಲ್ಲಿ ರದ್ದಾಯಿತು. ಅದೇ ವರ್ಷ ಬೈನಿಮರಾಮ ಜೈಲು ಕಂಡರು. ಬಿಮನ್ ಪ್ರಸಾದ್ 2025ರ ಅಕ್ಟೋಬರ್‌ನಲ್ಲಿ ಮಂತ್ರಿ ಪದವಿ ಬಿಟ್ಟರು. ಒಬ್ಬ ನಾಯಕನ ಸೆರಗು ಹಿಡಿದು ನಿಂತ ಸಮುದಾಯದ ಪಾಡು ಇದೇ. ಸೆರಗು ಸರಿದ ದಿನ ಬಯಲು.

ಫಿಜಿಯ ಭಾರತೀಯರು ಕೇಳುತ್ತಿರುವುದು ಗದ್ದುಗೆಯನ್ನಲ್ಲ. ಕಬ್ಬಿನ ಗುತ್ತಿಗೆಗೆ ಭದ್ರತೆ, ದೇಶದ ಹೆಸರಿನಲ್ಲಿ ಪಾಲು, ಯಾರು ಗೆದ್ದರೂ ಮಾರನೆಯ ದಿನ ಅಂಗಡಿ ತೆರೆಯುವ ಧೈರ್ಯ. ರಬೂಕಾ ಕ್ಷಮೆ ಕೇಳಿ ಅರ್ಧ ಸಾಲ ತೀರಿಸಿದ್ದಾರೆ. ಉಳಿದರ್ಧವನ್ನು ಕಾಯಿದೆ ಪುಸ್ತಕದಲ್ಲಿ ಬರೆದು ತೀರಿಸಬೇಕು. ಕೈಸಾಲಕ್ಕೂ ಪತ್ರದ ಸಾಲಕ್ಕೂ ಇರುವ ವ್ಯತ್ಯಾಸ ನಮ್ಮ ಪೇಟೆಯವರಿಗೆ ಚೆನ್ನಾಗಿ ಗೊತ್ತು.