ಅಟ್ಟಿಯನ್ನು ಯಾವ ತುದಿಯಿಂದ ಎಣಿಸುವುದು?

ಹೋಟೆಲಿನಲ್ಲಿ ತೊಳೆದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಡುವುದನ್ನು ನೀವು ನೋಡಿರುತ್ತೀರಿ. ಕೊನೆಗೆ ಇಟ್ಟದ್ದೇ ಮೊದಲು ಕೈಗೆ ಬರುತ್ತದೆ. ಗಣಕದ ಸ್ಟ್ಯಾಕ್ ಕೂಡ ಹೀಗೆಯೇ. ಆದರೆ ಒಂದನ್ನೂ ತೆಗೆಯದೆ ಎಲ್ಲವನ್ನೂ ನೋಡಬೇಕಾದರೆ?

ಜಾವಾ ಭಾಷೆಯ ಸ್ಟ್ಯಾಕ್ ಇಲ್ಲಿ ನಿಮ್ಮನ್ನು ಏಮಾರಿಸೀತು. 1, 2, 3 ಎಂದು ಪೇರಿಸಿ ಪಾಪ್ ಮಾಡಿದರೆ 3 ಮೊದಲು. ಇಟರೇಟರ್ ಹಿಡಿದು ಸಾಗಿದರೆ 1 ಮೊದಲು! ಕಾರಣ, ಆ ಕ್ಲಾಸು ವೆಕ್ಟರ್ ಎಂಬ ಕ್ಲಾಸಿನ ಸಂತಾನ. ತಾಯಿಯ ನಡಿಗೆ ಮಗಳಿಗೂ ಬಂದಿದೆ. (ಈ ಸಂಬಂಧವೇ ಬೇಕಿರಲಿಲ್ಲವೆಂದು ನನ್ನ ಎಣಿಕೆ.) ಮಾಡಿದ ಕೆಲಸಗಳನ್ನು ಹಿಂದಕ್ಕೆ ಪಡೆಯುವ ಪಟ್ಟಿಯನ್ನು ಹೀಗೆ ತೋರಿಸಿದಿರೋ, ಈಗಷ್ಟೇ ಮಾಡಿದ್ದು ಕಟ್ಟಕಡೆಗೆ ಕಾಣುತ್ತದೆ. 2006ರಲ್ಲಿ ಜಾವಾ 6ರೊಡನೆ ಬಂದ ಅರೇಡೆಕ್ ಬಳಸಿ. ಪುಷ್ ಮಾಡಿದ್ದೆಲ್ಲ ಮೇಲಿನಿಂದಲೇ ಸಿಗುತ್ತದೆ. ಸಿ ಪ್ಲಸ್ ಪ್ಲಸ್‌ನ ಸ್ಟ್ಯಾಕ್‌ಗಾದರೋ ಇಟರೇಟರೇ ಇಲ್ಲ.