ಗಿಟಾರಿನ ಪೆಡಲು: ಕೊಳ್ಳುವುದೋ, ಕಟ್ಟುವುದೋ?

ದುರ್ಗಿಗುಡಿಯ ವಿದ್ಯಾರ್ಥಿಯೊಬ್ಬನು, ಗಿಟಾರಿನ ನಾದವನ್ನು ಒರಟಾಗಿಸುವ ‘ಫಝ್’ ಪೆಡಲನ್ನು ಕೂಡಿಟ್ಟ ಹಣದಿಂದ ಕೊಳ್ಳಲೇ, ತಾನೇ ಕಟ್ಟಲೇ ಎಂದು ನಮ್ಮನ್ನು ಕೇಳಿದನು. ಅದರ ಕಾರ್ಯವನ್ನು ಮೊದಲು ವಿಚಾರಿಸೋಣ.

ತಂತಿಯ ಕಂಪನವು ಪಿಕಪ್ಪಿನಲ್ಲಿ ಹುಟ್ಟಿಸುವ ಕ್ಷೀಣ ವಿದ್ಯುದಲೆಯನ್ನು ಟ್ರಾನ್ಸಿಸ್ಟರು ಹಿಗ್ಗಿಸುತ್ತದೆ. ಆದರೆ 9 ವೋಲ್ಟ್ ಬ್ಯಾಟರಿಯ ಮಿತಿಯನ್ನು ಮೀರಲಾರದೆ ಅಲೆಯ ನೆತ್ತಿಯು ಚಪ್ಪಟೆಯಾಗುತ್ತದೆ. ಆಗ ಮೂಲಸ್ವರದ 2, 3, 4 ಮಡಿ ಆವೃತ್ತಿಯ ಉಪಸ್ವರಗಳು ಬಲಗೊಳ್ಳುತ್ತವೆ. ಒರಟುತನದ ಗುಟ್ಟು ಇದೇ.

1966ರ ‘ಫಝ್ ಫೇಸ್’ ಪೆಡಲಿನ ಮಂಡಲದಲ್ಲಿದ್ದುದು 2 ಟ್ರಾನ್ಸಿಸ್ಟರು, 4 ರೋಧಕ, 3 ಧಾರಕ, 2 ತಿರುಗುಗುಂಡಿಗಳಷ್ಟೆ. ಇವನ್ನು ಬೆಸೆಯುವುದು ವಿದ್ಯಾರ್ಥಿಗೆ ಅಸಾಧ್ಯವಲ್ಲ. ಜರ್ಮೇನಿಯಂ ಟ್ರಾನ್ಸಿಸ್ಟರು ಶಿವಮೊಗ್ಗದ ಬೇಸಗೆಗೆ ಗುಣ ಬದಲಿಸೀತು, ಸಿಲಿಕಾನಿನದು ಲೇಸು.

ನಾಳೆಯೇ ಕಛೇರಿಯಿದ್ದರೆ ಕೊಳ್ಳಲಿ. ಕೆಟ್ಟ ಪೆಡಲನ್ನು ತಾನೇ ಸರಿಪಡಿಸುವ ಅರಿವು ಬೇಕಾದರೆ ಕಟ್ಟಲಿ. ಆ ಅರಿವು ಯಾವ ಅಂಗಡಿಯಲ್ಲಿಯೂ ದೊರೆಯದು.